ಕುಂದಗೋಳದ ಮೂರು ರಾಗ: ಶಾರೀರ, ರಿಯಾಜು ಮತ್ತು ಕಿವಿ

ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿ ಸವಾಯಿ ಗಂಧರ್ವರ ಶಿಷ್ಯರಾಗಿ ಕುಂದಗೋಳ ಸೇರಿದ್ದು 1936ರ ಸುಮಾರಿಗೆ. ಅಲ್ಲಿದ್ದ ಆ ಕೆಲವು ವರ್ಷಗಳ ತಾಲೀಮಿಗೆ ಬೆನ್ನೆಲುಬಾಗಿದ್ದದ್ದು ಮೂರೇ ಮೂರು ರಾಗ. ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಇವತ್ತು ಎರಡು ವರ್ಷ ಕಲಿತ ಮಕ್ಕಳ ನೋಟ್‌ಬುಕ್ಕಿನಲ್ಲಿ ಇಪ್ಪತ್ತು ರಾಗ ಇರುತ್ತವೆ. ಹೀಗಾಗಿ ಈ ಮಾತು ಹೇಳಿದ ಕೂಡಲೇ ಕೇಳುವವರು ಎರಡು ಗುಂಪಾಗುತ್ತಾರೆ. ‘ಅವರು ದೇವರ ವರ ಪಡೆದು ಹುಟ್ಟಿದವರು, ಮೂರು ರಾಗ ಸಾಕಾಯಿತು’ ಎನ್ನುವವರು ಒಂದು ಕಡೆ. ‘ನೋಡಿ, ಅಷ್ಟು ತಿಕ್ಕಿದರೆ ಯಾರಿಗಾದರೂ ಬರುತ್ತದೆ’ ಎನ್ನುವವರು ಇನ್ನೊಂದು ಕಡೆ. ಎರಡೂ ಗುಂಪಿನವರು ಆ ಮೂರು ರಾಗ ಯಾವುವು ಎಂಬುದನ್ನೇ ನೋಡುವುದಿಲ್ಲ. ಈ ಉಪನ್ಯಾಸದಲ್ಲಿ ಅಲ್ಲಿಂದಲೇ ಶುರುಮಾಡೋಣ.

ತೋಡಿಗೂ ಮುಲ್ತಾನಿಗೂ ಸ್ವರಗಳು ಒಂದೇ. ರಿಷಭ, ಗಾಂಧಾರ, ಧೈವತ ಕೋಮಲ (ತಗ್ಗಿಸಿದ್ದು), ಮಧ್ಯಮ ತೀವ್ರ (ಏರಿಸಿದ್ದು), ನಿಷಾದ ಶುದ್ಧ. ಹಾರ್ಮೋನಿಯಂ ಮುಂದೆ ಕೂತರೆ ಬೆರಳು ಬೀಳುವ ಮನೆಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ತೋಡಿಯ ಗಾಂಧಾರ ಇನ್ನೂ ಇಳಿದದ್ದು, ಅತಿಕೋಮಲ. ಅದು ರಿಷಭದ ಕಡೆಗೆ ವಾಲಿಕೊಂಡು ನಿಲ್ಲುತ್ತದೆ. ಮುಲ್ತಾನಿಯ ಗಾಂಧಾರ ತೀವ್ರ ಮಧ್ಯಮವನ್ನು ಮುಟ್ಟಿ ಅಲ್ಲಿಂದ ತೂಗುತ್ತಾ ಇಳಿಯುತ್ತದೆ, ಒಂದಿಷ್ಟು ಮೇಲೆಯೇ ಇರುತ್ತದೆ. ತೋಡಿಯಲ್ಲಿ ರಿಷಭ, ಧೈವತ ರಾಗದ ಜೀವ. ಮುಲ್ತಾನಿಯ ಆರೋಹದಲ್ಲಿ ಅವೆರಡೂ ಇಲ್ಲ, ‘ನಿ ಸ ಗ ಮ ಪ ನಿ ಸ’ ಎಂದು ಹತ್ತಬೇಕು. ಇಳಿಯುವಾಗ ಬಂದರೂ ಅಲ್ಲಿ ನಿಲ್ಲುವಂತಿಲ್ಲ. ತೋಡಿಯಲ್ಲಿ ಪಂಚಮವನ್ನು ಎಚ್ಚರದಿಂದ ಬಳಸಬೇಕು, ಮುಲ್ತಾನಿಯಲ್ಲಿ ಪಂಚಮವೇ ತಂಗುದಾಣ. ಬೆಳಿಗ್ಗೆ ಮೂರು ಗಂಟೆ ಕಾಲ ತೋಡಿ ಹಾಡಿದ ಕಂಠ ಮಧ್ಯಾಹ್ನ ಅದೇ ಸ್ವರಗಳನ್ನು ಹಿಡಿದು ತೋಡಿಗೆ ಬೀಳದೆ ಉಳಿಯಬೇಕು. ಇದಕ್ಕಿಂತ ಕಠಿಣವಾದ ಕಿವಿಯ ಪರೀಕ್ಷೆ ಬೇರೆ ಇಲ್ಲ.

ಇನ್ನು ಪೂರಿಯಾ. ಇದರಲ್ಲಿ ಪಂಚಮವೇ ಇಲ್ಲ. ಷಡ್ಜವನ್ನೂ ಮಿತವಾಗಿ ಮುಟ್ಟಿ, ‘ನಿ ರೆ ಗ’ ಎಂದು ಅದನ್ನು ದಾಟಿಕೊಂಡು ಹೋಗಬೇಕು. ಮುಖ್ಯ ಸಂಚಾರ ಮಂದ್ರದಲ್ಲಿ (ಕೆಳಸ್ಥಾಯಿಯಲ್ಲಿ), ಮಧ್ಯಸ್ಥಾಯಿಯ ಕೆಳಭಾಗದಲ್ಲಿ. ಅಂದರೆ ಕಾಲೂರಲು ಇದ್ದ ಎರಡು ಮೆಟ್ಟಿಲನ್ನೂ ತೆಗೆದು, ತಗ್ಗಿನ ದನಿಯಲ್ಲಿ ನಿಷಾದ-ಗಾಂಧಾರಗಳ ಆಸರೆಯ ಮೇಲೆ ನಿಲ್ಲಿಸಿದಂತೆ. ಮೂರೂ ರಾಗ ಸೇರಿದರೆ ದಿನದ ಮೂರು ಹೊತ್ತು, ಕಂಠದ ಮೂರೂ ಸ್ಥಾಯಿ, ಸ್ವರಸ್ಥಾನದ ಸೂಕ್ಷ್ಮ, ಚಲನದ ಶಿಸ್ತು ಎಲ್ಲವೂ ಬಂದವು. ಗಂಟೆಗಟ್ಟಲೆ ದುಡಿಸಿದ್ದು ನಿಜ. ಆದರೆ ಏನನ್ನು ದುಡಿಸಬೇಕೆಂದು ಆರಿಸಿದ ತಲೆ ಗುರುವಿನದು. ಪ್ರತಿಭೆಯೋ ಪರಿಶ್ರಮವೋ ಎಂದು ವಾದಿಸುವವರು ಬಿಟ್ಟುಬಿಡುವ ಮೂರನೆಯ ಸಂಗತಿ ಇದು, ನಮ್ಮ ಪ್ರಕಾರ ಎಲ್ಲಕ್ಕಿಂತ ಹೆಚ್ಚು ತೂಕದ್ದೂ ಇದೇ. ರಿಯಾಜಿನ (ದಿನದ ಸಾಧನೆಯ) ಹೊತ್ತಿನಲ್ಲಿ ಯಾರ ಕಿವಿ ಕೆಲಸ ಮಾಡುತ್ತಿದೆ, ಯಾವ ತಪ್ಪನ್ನು ಹಿಡಿಯುತ್ತಿದೆ ಎಂಬುದು.

ಹುಟ್ಟಿನಿಂದ ಬರುವುದು ಏನೂ ಇಲ್ಲವೆಂದು ಇದರ ಅರ್ಥವಲ್ಲ. ನಮ್ಮ ಸಂಗೀತಶಾಸ್ತ್ರ ಅದಕ್ಕೆ ಹೆಸರನ್ನೇ ಇಟ್ಟಿದೆ. ‘ಅವಳ ಶಾರೀರ ಚೆನ್ನಾಗಿದೆ’ ಎಂದು ನಾವು ದಿನವೂ ಹೇಳುತ್ತೇವಲ್ಲ, ಆ ಶಬ್ದವನ್ನು 13ನೇ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ಸಂಗೀತರತ್ನಾಕರದಲ್ಲಿ ಬಿಡಿಸಿ ಹೇಳಿದ್ದಾನೆ. ಅಭ್ಯಾಸವಿಲ್ಲದೆಯೂ ರಾಗವನ್ನು ತೋರಿಸಬಲ್ಲ ದನಿಯ ಶಕ್ತಿಯೇ ಶಾರೀರ, ಶರೀರದೊಡನೆ ಹುಟ್ಟಿದ್ದರಿಂದ ಅದಕ್ಕೆ ಆ ಹೆಸರು. ವಿಜಯನಗರದ ಕಲ್ಲಿನಾಥ 15ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದದ್ದು ಈ ಗ್ರಂಥಕ್ಕೇ. ಇಷ್ಟು ನೇರವಾಗಿ ಹುಟ್ಟುಗುಣವನ್ನು ಒಪ್ಪಿಕೊಂಡ ಅದೇ ಗ್ರಂಥ ಹಾಡುಗಾರರ ದೋಷಗಳನ್ನೂ ಪಟ್ಟಿಮಾಡುತ್ತದೆ. ಒಟ್ಟು 25. ಹಲ್ಲು ಕಚ್ಚಿ ಹಾಡುವುದು ಸಂದಷ್ಟ, ದನಿ ನಡುಗಿಸುವುದು ಕಂಪಿತ, ಬಾಯಿಯನ್ನು ವಿಕಾರವಾಗಿ ತೆರೆಯುವುದು ಕರಾಲಿ, ಕೊರಳು ಸೊಟ್ಟ ಮಾಡುವುದು ವಕ್ರಿ, ಕೊರಳ ನರ ಉಬ್ಬಿಸುವುದು ಝೋಂಬಕ, ಗಲ್ಲ ಬುರುಡೆಯಂತೆ ಊದಿಸುವುದು ತುಂಬಕಿ, ಕಣ್ಣು ಮುಚ್ಚುವುದು ನಿಮೀಲಕ, ಮೂಗಿನಲ್ಲಿ ಹಾಡುವುದು ಸಾನುನಾಸಿಕ, ಗಮನವಿಲ್ಲದೆ ಹಾಡುವುದು ಅನವಧಾನ. ಪಟ್ಟಿಯನ್ನು ಪೂರ್ತಿ ಓದಿ ನೋಡಿ. ಕಾಗೆದನಿಯ ‘ಕಾಕಿ’ಯಂಥ ಒಂದೆರಡನ್ನು ಬಿಟ್ಟರೆ ಮಿಕ್ಕವೆಲ್ಲ ರೂಢಿಯಿಂದ ಬಂದ ತಪ್ಪುಗಳು. ಅಂದರೆ ಅವೂ ಅಭ್ಯಾಸದ ಫಲವೇ! ತಪ್ಪನ್ನು ಯಾರೂ ಹುಟ್ಟಿನಿಂದ ತರುವುದಿಲ್ಲ, ದಿನಾ ಹಾಡಿ ಹಾಡಿ ಗಟ್ಟಿಮಾಡಿಕೊಳ್ಳುತ್ತಾರೆ.

ಕಾವ್ಯದ ಕಡೆಯವರು ಇದೇ ಪ್ರಶ್ನೆಯನ್ನು ನಮಗಿಂತ ಮೊದಲೇ ಚರ್ಚಿಸಿ ಮುಗಿಸಿದ್ದರು. 11ನೇ ಶತಮಾನದ ಕಾಶ್ಮೀರದ ಮಮ್ಮಟ, ಕಾವ್ಯಕ್ಕೆ ಶಕ್ತಿ ಬೇಕು, ಲೋಕ-ಶಾಸ್ತ್ರ-ಕಾವ್ಯಗಳನ್ನು ನೋಡಿ ಬಂದ ನಿಪುಣತೆ ಬೇಕು, ಬಲ್ಲವರ ಶಿಕ್ಷಣದಲ್ಲಿ ಮಾಡಿದ ಅಭ್ಯಾಸ ಬೇಕು ಎಂದು ಮೂರನ್ನು ಹೇಳಿ, ಕೊನೆಗೆ ‘ಹೇತು’ ಎಂದು ಏಕವಚನ ಬಳಸಿದ. ಯಾರಾದರೂ ತಪ್ಪು ತಿಳಿದಾರೆಂದು ತಾನೇ ಬಿಡಿಸಿದ: ಇವು ಮೂರು ಕಾರಣಗಳಲ್ಲ, ಸೇರಿ ಒಂದು ಕಾರಣ. ಅವನ ಇನ್ನೊಂದು ಎಚ್ಚರವನ್ನೂ ಗಮನಿಸಬೇಕು. ಬರೀ ಅಭ್ಯಾಸ ಎಂದು ಅವನು ಹೇಳಲಿಲ್ಲ, ಬಲ್ಲವರು ತಿದ್ದಿದ ಅಭ್ಯಾಸ ಎಂದ.

ಈಚಿನ ಸಂಶೋಧನೆಯ ಮಾತನ್ನೂ ಹೇಳಿ ಮುಂದೆ ಹೋಗುತ್ತೇವೆ, ಏಕೆಂದರೆ ‘ಹತ್ತು ಸಾವಿರ ಗಂಟೆ’ ಎಂಬುದು ಈಗ ಮನೆಮನೆಯ ಗಾದೆಯಾಗಿದೆ. ಅದರ ಮೂಲ 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ. ಅತ್ಯುತ್ತಮರ ಗುಂಪು 20ನೇ ವಯಸ್ಸಿನ ಹೊತ್ತಿಗೆ ಸರಾಸರಿ ಅಷ್ಟು ಗಂಟೆ ಒಬ್ಬರೇ ಕೂತು ಸಾಧನೆ ಮಾಡಿದ್ದರು. ಸರಾಸರಿ ಎಂಬ ಶಬ್ದ ಗಾದೆಯಲ್ಲಿ ಬಿದ್ದುಹೋಯಿತು. ಅಷ್ಟು ಗಂಟೆ ತುಂಬಿದವರೆಲ್ಲ ಗೆಲ್ಲುತ್ತಾರೆಂದು ಆ ಅಧ್ಯಯನ ಹೇಳಿರಲೇ ಇಲ್ಲ. 2014ರಲ್ಲಿ ಮ್ಯಾಕ್ನಮಾರಾ, ಹ್ಯಾಂಬ್ರಿಕ್, ಆಸ್ವಾಲ್ಡ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಸಂಗೀತಗಾರರ ನಡುವಿನ ವ್ಯತ್ಯಾಸದಲ್ಲಿ ಇಂಥ ಸಾಧನೆಯಿಂದ ವಿವರಿಸಬಹುದಾದ ಪಾಲು ಸುಮಾರು 21 ಶೇಕಡಾ ಎಂದು ಬಂತು. 2019ರಲ್ಲಿ ಬರ್ಲಿನ್ ಅಧ್ಯಯನವನ್ನೇ ಮತ್ತೆ ಮಾಡಿ ನೋಡಿದಾಗ, ತೀರಾ ಹಿಂದಿದ್ದವರ ಗಂಟೆಗಳು ಕಡಿಮೆ ಇದ್ದದ್ದು ನಿಜ, ಆದರೆ ‘ಉತ್ತಮ’ರಿಗೂ ‘ಅತ್ಯುತ್ತಮ’ರಿಗೂ ನಡುವೆ ಗಂಟೆಗಳ ಅಂತರ ಕಾಣಲಿಲ್ಲ. ಒಂದು ಮಟ್ಟದವರೆಗೆ ಗಂಟೆಗಳೇ ಏರಿಸುತ್ತವೆ. ಅಲ್ಲಿಂದ ಮೇಲೆ ಬೇರೇನೋ ಬೇಕು. ಮೊದಲ ಅಧ್ಯಯನದ ಒಂದು ವಿವರವನ್ನು ಮಾತ್ರ ಯಾರೂ ಹೇಳುವುದಿಲ್ಲ, ನಮಗೆ ಅದೇ ಹೆಚ್ಚು ಉಪಯೋಗದ್ದು. ಮುಂದಿದ್ದವರು ಒಂದೇ ಪಟ್ಟಿಗೆ ಕೂರುತ್ತಿದ್ದದ್ದು ಸಾಮಾನ್ಯವಾಗಿ ಒಂದೂವರೆ ಗಂಟೆಯೊಳಗೆ, ಮತ್ತು ಅವರು ಹಗಲು ಹೊತ್ತು ಸಣ್ಣ ನಿದ್ದೆಯನ್ನೂ ಮಾಡುತ್ತಿದ್ದರು.

ಹಾಡುಗಾರಿಕೆಯಲ್ಲಿ ದೇಹ ಕೊಡುವುದು ಏನು, ಅದರ ಮಿತಿ ಎಲ್ಲಿ ಎಂಬುದನ್ನು ಅಂದಾಜಿನ ಮೇಲೆ ಬಿಡಬಾರದು. ಧ್ವನಿತಂತುಗಳ ಉದ್ದ ದಪ್ಪ ದೇಹದ್ದು. ಗಂಡಸರಲ್ಲಿ ಅವು ಸುಮಾರು 17ರಿಂದ 25 ಮಿಲಿಮೀಟರ್, ಹೆಂಗಸರಲ್ಲಿ 12ರಿಂದ 17. ಷಡ್ಜ ಎಲ್ಲಿ ಕೂರಬೇಕೆಂದು ನಿರ್ಧರಿಸುವುದು ಇದೇ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ, ಗಂಡಸರಿಗೆ ಬಹುಮಟ್ಟಿಗೆ ಬಿಳಿ ಒಂದರಿಂದ ಕರಿ ಎರಡರೊಳಗೆ, ಹೆಂಗಸರಿಗೆ ಕರಿ ನಾಲ್ಕರಿಂದ ಕರಿ ಐದರ ಆಸುಪಾಸು. ದನಿಯ ಬಣ್ಣ ದೇಹದ್ದು. ಕೇಳಿದ ಸ್ವರಗುಚ್ಛವನ್ನು ಎಷ್ಟು ಬೇಗ ಮರಳಿ ಹಾಡಬಲ್ಲರು ಎಂಬುದರಲ್ಲಿ ಮಕ್ಕಳ ನಡುವೆ ಅಂತರವಿದೆ. ಒಬ್ಬರಿಗೆ ಒಂದು ಸಲ ಸಾಕು, ಇನ್ನೊಬ್ಬರಿಗೆ ಹತ್ತು ಸಲ ಬೇಕು. ಸ್ವರದ ಏರಿಳಿತವೇ ಗೊತ್ತಾಗದ ಜನ್ಮಜಾತ ಸ್ವರಕಿವುಡು ಇರುವವರೂ ಇದ್ದಾರೆ, ಆದರೆ ಬಹಳ ಕಡಿಮೆ. ‘ನನಗೆ ಕಿವಿಯೇ ಇಲ್ಲ’ ಎನ್ನುವವರಲ್ಲಿ ಹೆಚ್ಚಿನವರಿಗೆ ಕೇಳಲು ಬರುತ್ತದೆ, ಕೇಳಿದ್ದನ್ನು ಕಂಠಕ್ಕೆ ತರುವ ದಾರಿ ಮಾತ್ರ ತೆರೆದಿರುವುದಿಲ್ಲ. ಇಷ್ಟನ್ನು ಬಿಟ್ಟರೆ ಉಸಿರು, ಸ್ವರದ ನಿಖರತೆ, ತಾನಿನ (ಬಿರುಸಾಗಿ ಹಾಡುವ ಸ್ವರಸಾಲಿನ) ವೇಗ, ಲಯ, ರಾಗದ ತಿಳಿವಳಿಕೆ ಎಲ್ಲವೂ ಕೂತು ಕಟ್ಟಿಕೊಳ್ಳುವಂಥವು.

ಅವನ್ನು ಕಟ್ಟುವ ಬಗೆಗೆ ಬರೋಣ. ಮೊದಲು ತಂಬೂರಿ. ರಿಯಾಜಿನ ಅರ್ಧ ಕೆಡುವುದು ಇಲ್ಲೇ. ಪಂಚಮವಿರುವ ರಾಗಕ್ಕೆ ಮೊದಲ ತಂತಿ ಪಂಚಮ. ಪೂರಿಯಾಕ್ಕೆ ಕೂತಾಗ ಅದನ್ನು ನಿಷಾದಕ್ಕೆ ಏರಿಸಬೇಕು. ಎಲೆಕ್ಟ್ರಾನಿಕ್ ತಂಬೂರಿಯನ್ನು ಪಂಚಮದಲ್ಲೇ ಬಿಟ್ಟು ಪೂರಿಯಾ ಹಾಡಿದರೆ ಇಲ್ಲದ ಪಂಚಮ ಕಿವಿಯಲ್ಲಿ ಗುಂಯ್ಗುಡುತ್ತಾ ತೀವ್ರ ಮಧ್ಯಮವನ್ನು ಮೇಲಕ್ಕೆಳೆಯುತ್ತದೆ. ಆರು ತಿಂಗಳ ಮೇಲೆ ಆ ಮಧ್ಯಮ ಕಾಯಂ ಏರಿ ಕೂರುತ್ತದೆ, ಆಮೇಲೆ ವಿದ್ಯಾರ್ಥಿ ತನಗೆ ಪ್ರತಿಭೆಯಿಲ್ಲ ಎಂದುಕೊಳ್ಳುತ್ತಾನೆ. ನಿಜವಾದ ತಂಬೂರಿಯಾದರೆ ತಂತಿಯ ಕೆಳಗಿನ ಜವಾರಿ ದಾರವನ್ನು ಹಿಂದೆಮುಂದೆ ಸರಿಸಿ, ದನಿ ಅರಳುವ ಜಾಗ ಸಿಗುವವರೆಗೆ ಹಾಡಲು ಶುರುಮಾಡಬಾರದು. ತಂಬೂರಿ ಕೂಡಿಸುವುದೇ ದಿನದ ಮೊದಲ ಕಿವಿಯ ಪಾಠ. ಹತ್ತು ನಿಮಿಷ ಹೋದರೆ ಹೋಗಲಿ.

ಆಮೇಲೆ ಖರ್ಜದ (ತಗ್ಗಿನ ಸ್ವರಗಳ) ಸಾಧನೆ, ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಎದ್ದ ಹೊತ್ತಿಗೆ ಧ್ವನಿತಂತುಗಳು ಸಡಿಲವಾಗಿ ತುಸು ಊದಿಕೊಂಡಿರುವುದರಿಂದ ತಗ್ಗಿನ ಸ್ವರ ತಾನಾಗಿ ಇಳಿಯುತ್ತದೆ. ‘ಆ’ ಎನ್ನುತ್ತಾ, ಅರ್ಧ ದನಿಯಲ್ಲಿ, ಒಂದು ಉಸಿರಿಗೆ 12ರಿಂದ 20 ಸೆಕೆಂಡು ಮಧ್ಯ ಷಡ್ಜ ಹಿಡಿದು, ಅಲ್ಲಿಂದ ನಿಷಾದ, ಧೈವತ, ಪಂಚಮ ಎಂದು ಒಂದೊಂದೇ ಮೆಟ್ಟಿಲು ಇಳಿಯಬೇಕು. ಹದಿನೈದು ನಿಮಿಷ ಸಾಕು. ದನಿ ಗೊರಗೊರ ಎನ್ನತೊಡಗಿದ ಸ್ವರವೇ ಇವತ್ತಿನ ಗಡಿ. ಗದ್ದವನ್ನು ಎದೆಗೊತ್ತಿ, ಗಂಟಲಗುಳ್ಳೆಯನ್ನು ಕೆಳಕ್ಕೆ ತಳ್ಳಿ ಇನ್ನೆರಡು ಸ್ವರ ಕೆಳಗೆ ಹೋದೆನೆಂದು ಸಂತೋಷಪಡುವವರಿದ್ದಾರೆ. ಅದು ಖರ್ಜವಲ್ಲ, ಗಂಟಲಿನ ಬಿಗಿತ. ಅದೇ ಬಿಗಿತ ತಾರಸ್ಥಾಯಿಗೆ (ಮೇಲಿನ ಸ್ಥಾಯಿಗೆ) ಹೋದಾಗ ದನಿ ಒಡೆಯುವಂತೆ ಮಾಡುತ್ತದೆ.

ಪಲ್ಟಾದ (ಸ್ವರಗಳನ್ನು ಒಂದೇ ಮಾದರಿಯಲ್ಲಿ ಜೋಡಿಸಿ ಹಾಡುವ ಅಭ್ಯಾಸದ) ವಿಷಯದಲ್ಲಿ ಲೆಕ್ಕ ಕಟ್ಟುನಿಟ್ಟಾಗಿರಲಿ. ಲಯಯಂತ್ರವನ್ನು ನಿಮಿಷಕ್ಕೆ 60ಕ್ಕೆ ಇಟ್ಟು ‘ಸರೆಗಮ ರೆಗಮಪ’ವನ್ನು ಮಾತ್ರೆಗೆ ಒಂದು ಸ್ವರ, ಎರಡು, ನಾಲ್ಕು ಎಂದು ಹಾಡುವುದು. ನಾಲ್ಕರಲ್ಲಿ ಸತತ ಐದು ಸಲ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಿಸಿದರೆ ಮಾತ್ರ 64ಕ್ಕೆ ಏರಿಸಬೇಕು. ಒಂದು ಸ್ವರ ಮಸುಕಾದರೂ 50ಕ್ಕೆ ಇಳಿಸಬೇಕು. ಇದ್ದಲ್ಲೇ ಇದ್ದು ಮತ್ತೆ ಮತ್ತೆ ಪ್ರಯತ್ನಿಸುವಂತಿಲ್ಲ. ಕಾರಣ ಸರಳ. ಕಂಠಕ್ಕೆ ಸರಿ ತಪ್ಪು ತಿಳಿಯದು, ಹತ್ತು ಸಲ ಮಾಡಿದ್ದನ್ನು ಹನ್ನೊಂದನೇ ಸಲ ತಾನಾಗಿ ಮಾಡುತ್ತದೆ. ಮಸುಕಾದ ಸ್ವರವನ್ನು ಇಪ್ಪತ್ತು ಸಲ ಹಾಡಿದವನು ಮಸುಕನ್ನೇ ಇಪ್ಪತ್ತು ಸಲ ಅಭ್ಯಾಸ ಮಾಡಿರುತ್ತಾನೆ. ಕನ್ನಡಿ ಎದುರು ಕೂತು ಹಾಡಿದರೆ ಇನ್ನೊಂದು ದೋಷ ಸಿಗುತ್ತದೆ: ತಾನಿನ ಹೊತ್ತಿಗೆ ದವಡೆ ಕುಣಿಯುವುದು. ದವಡೆಯ ತಾನು ಬೇಗ ಬರುತ್ತದೆ, ಮೂರೇ ತಿಂಗಳಲ್ಲಿ ನೆಂಟರೆದುರು ಹಾಡಿ ಚಪ್ಪಾಳೆ ತೆಗೆದುಕೊಳ್ಳಬಹುದು. ಆದರೆ ಒಂದು ವೇಗದ ಆಚೆ ದವಡೆ ಸೋಲುತ್ತದೆ, ಮತ್ತು ಆ ರೂಢಿಯನ್ನು ಬಿಡಿಸಲು ಕಲಿತದ್ದಕ್ಕಿಂತ ಹೆಚ್ಚು ಕಾಲ ಬೇಕು. ಎರಡು ಬೆರಳನ್ನು ಗದ್ದದ ಕೆಳಗೆ ಮೆಲ್ಲಗೆ ಇಟ್ಟುಕೊಂಡು, ಅದು ಅಲುಗದಂಥ ವೇಗದಲ್ಲಿ ಮಾತ್ರ ಹಾಡಬೇಕು.

ನಾಲ್ಕು ಸ್ವರಗಳನ್ನು 24 ಬಗೆಯಲ್ಲಿ ಜೋಡಿಸಬಹುದು, ಏಳನ್ನು 5040 ಬಗೆಯಲ್ಲಿ. ಮೇರುಖಂಡ ಎನ್ನುವುದು ಇದನ್ನೇ. ಮಕ್ಕಳಿಗೆ ಆ 24ನ್ನು ಒಂದೇ ರಾಗದಲ್ಲಿ ಹಾಡಿಸಿ ನೋಡಿ. ಮುಲ್ತಾನಿಯಲ್ಲಾದರೆ ಕೆಲವು ಜೋಡಣೆ ರಾಗವನ್ನು ಕೆಡಿಸುತ್ತವೆ. ಯಾವುವು ಕೆಡಿಸಿದವೆಂದು ಮಗುವೇ ಹೇಳಲಿ. ಆ ಕ್ಷಣದಲ್ಲಿ ಪಲ್ಟಾ ಗಂಟಲಿನ ಕಸರತ್ತಾಗಿ ಉಳಿಯುವುದಿಲ್ಲ, ರಾಗವಿಚಾರವಾಗುತ್ತದೆ. ಪ್ರತಿಭೆ ಎಂದು ನಾವು ಹೊಗಳುವ ಬಹುಪಾಲು ಈ ಆಯ್ಕೆಯ ಚುರುಕು. ಅದನ್ನು ಬೆಳೆಸಲು ಬರುತ್ತದೆ ಎಂಬುದು ನಮ್ಮ ದೃಢ ನಂಬಿಕೆ.

ಲಯದ ಮಾತು ಚಿಕ್ಕದು. ವಿಲಂಬಿತ ಏಕತಾಲದ 12 ಮಾತ್ರೆಯ ಒಂದು ಆವರ್ತ ಸವಾಯಿ ಗಂಧರ್ವರ ಪರಂಪರೆಯಾದ ಕಿರಾಣಾ ಶೈಲಿಯ ಹಾಡಿಕೆಯಲ್ಲಿ ಮುಕ್ಕಾಲು ನಿಮಿಷಕ್ಕೂ ಮಿಕ್ಕಿ ಹಿಗ್ಗುತ್ತದೆ. ಹಾಡದೆ, ಬರೀ ಠೇಕಾ (ತಬಲಾದಲ್ಲಿ ನುಡಿಸುವ ತಾಳದ ನಡೆ) ಕೇಳುತ್ತಾ ಕೈಯಲ್ಲಿ ಮಾತ್ರೆ ಎಣಿಸುತ್ತಾ ದಿನಕ್ಕೆ ಹತ್ತು ನಿಮಿಷ ಕೂರಿ. ಎರಡು ತಿಂಗಳಾದ ಮೇಲೆ ಎಣಿಕೆ ನಿಲ್ಲಿಸಿ, ಮುಖಡಾವನ್ನು (ಹಾಡಿನ ಮೊದಲ ತುಣುಕನ್ನು) ಸರಿಯಾದ ಮಾತ್ರೆಯಿಂದ ಎತ್ತಿ ಸಮ್ಮಿಗೆ (ಆವರ್ತದ ಮೊದಲ ಮಾತ್ರೆಗೆ) ಬಂದು ನೋಡಿ. ಬರದಿದ್ದರೆ ಮತ್ತೆ ಎಣಿಕೆ.

ಗುರು ಎದುರಿಗೆ ಇಲ್ಲದ ಹೊತ್ತಿನಲ್ಲಿ ಕಿವಿಯ ಕೆಲಸ ಯಾರು ಮಾಡಬೇಕು? ಹಾಡುವವನಿಗೆ ತನ್ನ ದನಿ ಗಾಳಿಯಿಂದಷ್ಟೇ ಅಲ್ಲ, ತಲೆಯ ಮೂಳೆಗಳ ಮೂಲಕವೂ ಕೇಳಿಸುತ್ತದೆ. ಹಾಗಾಗಿ ಅದು ಅವನಿಗೆ ಇದ್ದದ್ದಕ್ಕಿಂತ ತುಂಬಿದ ದನಿ ಅನಿಸುತ್ತದೆ. ಮೊಬೈಲು ಈ ಭ್ರಮೆ ಬಿಡಿಸುತ್ತದೆ. ಮೂರು ಅಡಿ ದೂರದಲ್ಲಿಡಿ, ತಂಬೂರಿಯೂ ದನಿಯೂ ಸಮವಾಗಿ ಸಿಗಲಿ, ಮೂರೇ ನಿಮಿಷ ಮುದ್ರಿಸಿ. ಅವತ್ತೇ ಕೇಳಬೇಡಿ, ಹಾಡಿದ ಖುಷಿ ಇನ್ನೂ ಕಿವಿಯಲ್ಲಿರುತ್ತದೆ. ಮರುದಿನ ಬೆಳಿಗ್ಗೆ ಕೇಳಿ, ಒಂದೇ ಒಂದು ತಪ್ಪನ್ನು ಬರೆದುಕೊಳ್ಳಿ. ‘ಸ್ವರ ಸರಿಯಿಲ್ಲ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ‘ಮಧ್ಯಮದಿಂದ ಗಾಂಧಾರಕ್ಕೆ ಮೀಂಡಿನಲ್ಲಿ (ಜಾರುತ್ತಾ) ಇಳಿಯುವಾಗ ಗಾಂಧಾರ ಏರಿ ನಿಂತಿತು’ ಎಂದು ಬರೆಯಬೇಕು. ಅವತ್ತಿನ ರಿಯಾಜಿನಲ್ಲಿ ಅದೊಂದನ್ನೇ ತಿದ್ದಬೇಕು. ಇನ್ನೊಂದು ಪರೀಕ್ಷೆಗೆ ಏನೂ ಬೇಡ. ಹಾಡುತ್ತಿರುವಾಗ ತಂಬೂರಿ ನಿಲ್ಲಿಸಿ, ಅರ್ಧ ನಿಮಿಷ ಹಾಡಿ ಷಡ್ಜಕ್ಕೆ ಬಂದು ಮತ್ತೆ ತಂಬೂರಿ ಹಾಕಿ. ಷಡ್ಜ ಜಾರಿದ್ದರೆ ಮೇಲಕ್ಕೋ ಕೆಳಕ್ಕೋ ಗಮನಿಸಿ. ಕೆಳಗೆ ಜಾರುವವರಿಗೆ ಹೆಚ್ಚಾಗಿ ಉಸಿರು ಸಾಲದು, ಮೇಲೆ ಜಾರುವವರು ಹೆಚ್ಚಾಗಿ ಕೂಗುತ್ತಿರುತ್ತಾರೆ.

ಬೇಗ ಕಲಿಯುವ ಮಕ್ಕಳು, ನಿಧಾನವಾಗಿ ಕಲಿಯುವ ಮಕ್ಕಳು ಇಬ್ಬರೂ ಬೀಳುವ ಹಳ್ಳಗಳು ಬೇರೆ ಬೇರೆ. ಒಂದು ಸಲಕ್ಕೆ ಹಿಡಿಯುವ ಮಗುವಿಗೆ ಎರಡನೇ ಸಲ ಬೇಸರ. ಬಂದಿಶ್ (ರಾಗದ ಹಾಡು) ಬಂತು, ಮುಂದಿನ ರಾಗ ಬೇಕು. ಪರೀಕ್ಷೆಯ ಪಠ್ಯ, ಟಿವಿಯ ಸ್ಪರ್ಧೆ, ಮನೆಯವರ ಹೆಮ್ಮೆ ಎಲ್ಲವೂ ಇದಕ್ಕೆ ಒತ್ತಾಸೆ. ಹದಿನಾರನೇ ವಯಸ್ಸಿಗೆ ನಲವತ್ತು ರಾಗ ಬರುತ್ತವೆ, ಎಲ್ಲದರಲ್ಲೂ ಒಂದೇ ಗಾಂಧಾರ ಇರುತ್ತದೆ. ಸುಲಭವಾಗಿ ಬಂದದ್ದರಿಂದ ಕಷ್ಟದ ಜಾಗದಲ್ಲಿ ಕೂರುವ ರೂಢಿಯೇ ಆಗಿರುವುದಿಲ್ಲ, ಮೊದಲ ಸಲ ಎಡವಿದಾಗ ಅದು ಅವಮಾನವೆನಿಸಿ ಬಿಟ್ಟುಬಿಡುತ್ತಾರೆ. ಇಂಥ ಮಗುವಿಗೆ ಹೊಸ ರಾಗ ಕೊಡುವುದನ್ನು ನಿಲ್ಲಿಸಿ, ಒಂದೇ ರಾಗದಲ್ಲಿ ಎರಡೇ ಸ್ವರದ ನಡುವೆ ಹತ್ತು ನಿಮಿಷ ಬಡತ್ (ರಾಗವನ್ನು ನಿಧಾನವಾಗಿ ಬಿಡಿಸುವುದು) ಮಾಡಿಸಬೇಕು. ಎರಡನೆಯ ಮಗುವಿನ ಅಪಾಯ ಇದರ ತಿರುವುಮುರುವು. ಬೆವರು ಸುರಿಸುತ್ತದೆ, ಗಂಟೆ ತುಂಬಿಸುತ್ತದೆ, ಹಾಡಿದ್ದನ್ನು ಕೇಳಿಸಿಕೊಳ್ಳುವುದಿಲ್ಲ. ‘ಕಷ್ಟಪಟ್ಟರೆ ಬರುತ್ತದೆ’ ಎಂದು ಅದಕ್ಕೆ ಹೇಳುವುದು ಅನ್ಯಾಯ. ಗಂಟೆಗಳನ್ನು ಅರ್ಧಕ್ಕಿಳಿಸಿ ಉಳಿದ ಅರ್ಧ ಹೊತ್ತು ಹಳೆಯ ಧ್ವನಿಮುದ್ರಣ ಕೇಳಿಸಬೇಕು. ಕೇಳಿದ ಒಂದು ಚಿಕ್ಕ ಪಲುಕನ್ನು ಹಾಡಿ ತೋರಿಸು ಎನ್ನಬೇಕು. ಎಷ್ಟೋ ಸಲ ನಿಂತುಹೋದ ಕಲಿಕೆ ಇದರಿಂದಲೇ ಮುಂದುವರಿಯುತ್ತದೆ.

ಹುಟ್ಟಿನಿಂದ ಬಂದದ್ದು ಉಳಿಯುತ್ತದೆಂಬ ಭರವಸೆಯೂ ಇಲ್ಲ. ಸವಾಯಿ ಗಂಧರ್ವರಿಗೆ ಹದಿಹರೆಯದಲ್ಲಿ ದನಿ ಒಡೆದು ಬಿರುಸಾಯಿತು. ಗುರು ಅಬ್ದುಲ್ ಕರೀಂ ಖಾನರ ಕೈಕೆಳಗೆ ಆ ಮಣಿಯದ ಕಂಠವನ್ನು ವರ್ಷಗಟ್ಟಲೆ ಮಣಿಸಿದ್ದರಿಂದಲೇ ಅವರ ನಿಧಾನ ಬಡತ್‌ಗೆ ಆ ತೂಕ ಬಂದದ್ದು ಎಂದು ನಮಗನಿಸುತ್ತದೆ. ಸವಾಯಿ ಗಂಧರ್ವರ ಶಿಷ್ಯೆ ಗಂಗೂಬಾಯಿ ಹಾನಗಲ್ಲರ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ಎತ್ತರದ, ತೆಳುವಾದ, ಮಿಂಚಿನಂಥ ದನಿಯಿದೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಆ ದನಿ ಹೋಯಿತು. ಬಂದದ್ದು ಗಂಡುದನಿಯೆಂದು ಜನ ಅಚ್ಚರಿಪಟ್ಟ ಗಂಭೀರ ಕಂಠ. ಅವರ ಶಾರೀರವೇ ಬದಲಾದ ಮೇಲೆ ಉಳಿದದ್ದು ಏನು? ಸ್ವರ ಹಚ್ಚುವ ರೀತಿ, ಒಂದೊಂದೇ ಸ್ವರವನ್ನು ಬಿಡಿಸುವ ತಾಳ್ಮೆ, ಕುಂದಗೋಳದಲ್ಲಿ ತಿದ್ದಿಸಿಕೊಂಡ ಕಿವಿ. ನಾವು ಇವತ್ತು ಗಂಗೂಬಾಯಿ ಎಂದು ಗುರುತಿಸುವುದು ಆ ಎರಡನೆಯ ದನಿಯನ್ನೇ.

ಕಲಾವಿದರಾಗಿ ನೆಲೆ ನಿಲ್ಲುವ ಮಾತು ಬಂದಾಗ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಕಲಿಯಲು ಸಾಧ್ಯವಾದದ್ದು ಗುರು ಅಷ್ಟು ಹತ್ತಿರಕ್ಕೆ ಬಂದು ನೆಲೆಸಿದ್ದರಿಂದ. ಮಲ್ಲಿಕಾರ್ಜುನ ಮನಸೂರರು ನಾಟಕ ಕಂಪನಿಯಲ್ಲಿ ಹಾಡುತ್ತಿದ್ದಾಗ ಮಿರಜಿನ ಗುರು ನೀಲಕಂಠಬುವಾ ಅವರ ಕಿವಿಗೆ ಬಿದ್ದರು. ಗ್ವಾಲಿಯರ್ ಪರಂಪರೆಯ ತಾಲೀಮು ಮುಗಿಸಿ ಹೆಸರು ಮಾಡಿದ ಮೇಲೂ ಜೈಪುರ-ಅತ್ರೌಲಿ ಪರಂಪರೆಯ ಮಂಜಿಖಾನರ ಮುಂದೆ, ಅವರ ಮರಣಾನಂತರ ಭುರ್ಜಿಖಾನರ ಮುಂದೆ ಮತ್ತೆ ಶಿಷ್ಯರಾಗಿ ಕೂತರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ, ಕೈಯಲ್ಲಿ ಕಾಸಿಲ್ಲದ ಮಕ್ಕಳಿಗೆ ಅನ್ನ ಹಾಕಿ ಪಾಠ ಹೇಳದಿದ್ದರೆ ಉತ್ತರ ಕರ್ನಾಟಕದ ಎಷ್ಟು ಕಂಠಗಳು ಸದ್ದಿಲ್ಲದೆ ಹೋಗುತ್ತಿದ್ದವು! ಅನ್ನ, ಹೊತ್ತು, ತಿದ್ದುವ ಗುರು ಈ ಮೂರೂ ಸಿಗದ ಮಗುವಿಗೆ ಪ್ರತಿಭೆಯಿಲ್ಲ ಎಂದಾಗಲಿ, ದುಡಿಯಲಿಲ್ಲ ಎಂದಾಗಲಿ ಹೇಳುವ ಹಕ್ಕು ನಮಗಿಲ್ಲ.

ಮಾತು ಮುಗಿದ ಮೇಲೆ ಸಭಿಕರಿಂದ ಬಂದ ಎರಡು ಪ್ರಶ್ನೆಗಳ ಉತ್ತರವನ್ನೂ ಇಲ್ಲಿ ಸೇರಿಸಿದ್ದೇವೆ.

ಕೆಲಸಕ್ಕೆ ಹೋಗುವವರು, ದಿನಕ್ಕೆ ಒಂದೇ ಗಂಟೆ ಸಿಗುವವರು ಏನು ಮಾಡಬೇಕು? ಹತ್ತು ನಿಮಿಷ ಷಡ್ಜ ಮತ್ತು ಮಂದ್ರ, ಹದಿನೈದು ನಿಮಿಷ ಒಂದೇ ಪಲ್ಟಾ, ಇಪ್ಪತ್ತೈದು ನಿಮಿಷ ಒಂದೇ ರಾಗ, ಉಳಿದ ಹತ್ತು ನಿಮಿಷ ನಿನ್ನೆಯ ಮುದ್ರಣ ಕೇಳಿ ಬರೆಯುವುದು. ರಾಗವನ್ನು ಆರು ತಿಂಗಳು ಬದಲಿಸಬೇಡಿ. ವಾರವಿಡೀ ಬಿಟ್ಟು ಭಾನುವಾರ ಏಳು ಗಂಟೆ ಕೂತರೆ ದನಿ ಕೂತುಹೋಗುತ್ತದೆಯೇ ಹೊರತು ಕಿವಿ ಬೆಳೆಯುವುದಿಲ್ಲ. ದನಿ ಕೂತದ್ದು ಎರಡು ವಾರವಾದರೂ ಬಿಡದಿದ್ದರೆ ಕಷಾಯ ನಂಬಿ ಕೂರದೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ, ಅಲ್ಲಿಯವರೆಗೆ ಹಾಡಬೇಡಿ. ಒತ್ತಿ ಹಾಡಿದವರ ಧ್ವನಿತಂತುಗಳ ಮೇಲೆ ಗಂಟು ಬೆಳೆಯಬಹುದು.

ಹದಿಮೂರು ವರ್ಷದ ಹುಡುಗ ಚೆನ್ನಾಗಿ ಹಾಡುತ್ತಿದ್ದ, ಈಗ ದನಿ ಒಡೆಯುತ್ತಿದೆ, ಬಿಡಿಸಬೇಕೇ? ಬಿಡಿಸಬೇಡಿ, ಹಳೆಯ ಶ್ರುತಿಯಲ್ಲಿ ಹಾಡಿಸಲೂ ಬೇಡಿ. ಗಂಡುಮಕ್ಕಳ ದನಿ ಸುಮಾರು ಒಂದು ಸ್ಥಾಯಿಯಷ್ಟು ಇಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಅವನು ನೆಮ್ಮದಿಯಿಂದ ಮಾತಾಡುವ ಎತ್ತರ ನೋಡಿಕೊಂಡು ಷಡ್ಜ ಹೊಸದಾಗಿ ಹುಡುಕಿ. ದಿನಕ್ಕೆ ಹದಿನೈದು ನಿಮಿಷ, ಮಂದ್ರ ಪಂಚಮದಿಂದ ಮಧ್ಯ ಪಂಚಮದವರೆಗೆ, ಮೆಲುದನಿಯಲ್ಲಿ ಮಾತ್ರ. ತಾರಸ್ಥಾಯಿ, ತಾನು, ವೇದಿಕೆ ಯಾವುದೂ ಬೇಡ. ಉಳಿದ ಹೊತ್ತಿನಲ್ಲಿ ತಬಲಾದ ಠೇಕಾ ಕಲಿಸಿ, ಬಂದಿಶ್‌ಗಳನ್ನು ಬಾಯಿಪಾಠ ಮಾಡಿಸಿ, ತಂಬೂರಿ ಕೂಡಿಸಲು ಬಿಡಿ. ಬಹುಮಟ್ಟಿಗೆ ವರ್ಷ ಒಂದೂವರೆ ವರ್ಷದಲ್ಲಿ ದನಿ ನಿಲ್ಲುತ್ತದೆ. ನಿಂತ ದನಿ ಮೊದಲಿನಷ್ಟು ಇಂಪಾಗಿರಲಿಕ್ಕಿಲ್ಲ, ಅದನ್ನು ಅವನಿಗೆ ಮೊದಲೇ ಹೇಳಿಡಿ.